ಕಂಡಕ್ಟರ್ ಎಡಗೈಯಲ್ಲಿ ಏನು ಮಾಡುತ್ತಾರೆ?

ಮುಂಬಯಿಯ ನರಿಮನ್ ಪಾಯಿಂಟ್‌ನ ತುದಿಯಲ್ಲಿರುವ ಕಲಾಕೇಂದ್ರ ಎನ್‌ಸಿಪಿಎಗೆ ನಮ್ಮ ದೊಡ್ಡಮ್ಮನನ್ನು ಕರೆದುಕೊಂಡು ಹೋಗಿದ್ದೆ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್, ಸಿಎಸ್‌ಎಂಟಿಯಿಂದ ಟ್ಯಾಕ್ಸಿ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಅವರಿಗೆ ಹೊಸತು. ಉಡುಪಿಯಲ್ಲಿದ್ದಾಗ ಎಂಟು ವರ್ಷ ವೀಣೆ ಕಲಿತವರಾದ್ದರಿಂದ ಕಿವಿ ಮಾತ್ರ ಚುರುಕು. ಕಂಡಕ್ಟರ್ ಬರುತ್ತಾರೆ ಎಂದು ಹೇಳಿದಾಗ ಮೊದಲು ಅವರಿಗೆ ನೆನಪಾದದ್ದು ಬೆಸ್ಟ್ ಬಸ್ಸಿನ ಕಂಡಕ್ಟರ್, ಟಿಕೆಟ್ ಪಂಚನ್ನು ಟಿಕ್ ಟಿಕ್ ಎನ್ನಿಸುತ್ತ ಬರುವವ. ಅರ್ಧ ಗಂಟೆ ಸುಮ್ಮನೆ ಕೇಳಿ, ಮಧ್ಯಂತರದಲ್ಲಿ ಕೇಳಿಯೇಬಿಟ್ಟರು: "ಬಲಗೈಯ ಕೋಲಿನಲ್ಲಿ ತಾಳ ಹಾಕುವುದು ಗೊತ್ತಾಯಿತು. ಆ ಎಡಗೈಯಲ್ಲಿ ಅವ ಎಂತ ಮಾಡುವುದು ಮಾರಾಯ? ಸ್ವಲ್ಪ ಹೊತ್ತು ಸುಮ್ಮನೆ ಇರ್ತದೆ, ಮತ್ತೆ ಯಾರನ್ನೋ ಕರೀತದೆ, ಯಾರನ್ನೋ ಬೈತದೆ."

ಈ ಪ್ರಶ್ನೆ ಈಗ ದೊಡ್ಡಮ್ಮನೊಬ್ಬರದ್ದೇ ಅಲ್ಲ. 2006ರಲ್ಲಿ ಎನ್‌ಸಿಪಿಎಯಲ್ಲೇ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಹುಟ್ಟಿಕೊಂಡ ಮೇಲೆ ಇಂಥ ಕಛೇರಿಗಳು ಮುಂಬಯಿಯವರಿಗೆ ಹತ್ತಿರವಾಗಿವೆ. ಮಾಟುಂಗ, ಮುಲುಂಡ್, ಥಾಣೆಯ ಕನ್ನಡದ ಮನೆಗಳಲ್ಲೂ ಪಿಯಾನೊ, ವಯಲಿನ್ ಪರೀಕ್ಷೆಗೆ ಕೂರುವ ಮಕ್ಕಳಿದ್ದಾರೆ. ಅವರ ಜೊತೆಗೆ ಹೋಗಿ ಕೂರುವ ಅಪ್ಪ ಅಮ್ಮಂದಿರಿದ್ದಾರೆ. ವೇದಿಕೆಯ ನಡುವೆ ಬೆನ್ನು ತೋರಿಸಿ ನಿಂತ ವ್ಯಕ್ತಿಯ ಕೈಸನ್ನೆ ಅರ್ಥವಾದರೆ ಆ ಎರಡು ಗಂಟೆ ಬೇರೆಯೇ ಆಗುತ್ತದೆ.

ತಾವೇ ನುಡಿಸಬಲ್ಲವರಿಗೆ ಕಂಡಕ್ಟರ್ ಯಾಕೆ?

ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಗಣೇಶೋತ್ಸವದಲ್ಲಿ ಸಿನಿಮಾ ಹಾಡು ಹಾಡುವ ತಂಡ. ಇಲ್ಲಿ ಹೇಳುತ್ತಿರುವುದು ಸಿಂಫನಿ ಆರ್ಕೆಸ್ಟ್ರಾವನ್ನು: ಎಂಬತ್ತೋ ತೊಂಬತ್ತೋ ಜನ, ಮುಂದೆ ವಯಲಿನ್, ವಿಯೋಲಾ, ಚೆಲ್ಲೊ, ನಡುವೆ ಕೊಳಲು, ಕ್ಲಾರಿನೆಟ್, ಓಬೊ ಮೊದಲಾದ ಊದುವ ವಾದ್ಯಗಳು, ಅದರ ಹಿಂದೆ ತುತ್ತೂರಿ ಜಾತಿಯ ಹಿತ್ತಾಳೆ ವಾದ್ಯಗಳು, ಎಲ್ಲರಿಗಿಂತ ಹಿಂದೆ ಚರ್ಮವಾದ್ಯ, ಝಲ್ಲರಿ. ಪ್ರತಿಯೊಬ್ಬರ ಮುಂದೆಯೂ ಕಾಗದವಿದೆ. ಆದರೆ ಆ ಕಾಗದದಲ್ಲಿರುವುದು ಅವರವರ ಪಾಲು ಮಾತ್ರ. ಎಲ್ಲರ ಪಾಲೂ ಒಂದರ ಕೆಳಗೊಂದು ಸಾಲಾಗಿ ಬರೆದಿರುವ ಪೂರ್ಣ ಪ್ರತಿ, ಅಂದರೆ ಸ್ಕೋರ್, ಇರುವುದು ಕಂಡಕ್ಟರ್ ಎದುರಿಗೆ ಮಾತ್ರ.

ಎರಡನೆಯ ತೊಂದರೆ ದೂರದ್ದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಹಿಂದಿನ ಸಾಲಿನ ಡ್ರಮ್ಮಿನವರು ಮುಂದಿನ ವಯಲಿನ್‌ನಿಂದ 12 ಮೀಟರ್ ದೂರವಿದ್ದಾರೆ ಎನ್ನಿ. ವಯಲಿನ್ ಕೇಳಿಸಿದ ಮೇಲೆ ಬಾರಿಸಿದರೆ ಅವರು ಆಗಲೇ ಸೆಕೆಂಡಿನ ನೂರರಲ್ಲಿ ಮೂರೂವರೆ ಪಾಲು ತಡ. ಅವರ ಪೆಟ್ಟು ಸಭಿಕರನ್ನು ತಲುಪುವಷ್ಟರಲ್ಲಿ ಇನ್ನಷ್ಟು ತಡ. ಹಾಗಾಗಿ ಅವರು ಕಿವಿಗಿಂತ ಕಣ್ಣನ್ನು ನಂಬಬೇಕು, ಕಣ್ಣಿಗೆ ಒಂದು ಕೈ ಕಾಣಬೇಕು.

ಮೊದಲೆಲ್ಲ ಈ ಕೆಲಸವನ್ನು ಮೊದಲ ವಯಲಿನ್‌ನವರೋ ಪಿಯಾನೊದಂಥ ಹಾರ್ಪ್ಸಿಕಾರ್ಡ್ ನುಡಿಸುವವರೋ ನುಡಿಸುತ್ತಲೇ ಮಾಡುತ್ತಿದ್ದರು. ಫ್ರಾನ್ಸಿನಲ್ಲಿ ದೊಡ್ಡ ಕೋಲನ್ನು ನೆಲಕ್ಕೆ ಕುಟ್ಟಿ ತಾಳ ಕೊಡುವ ಪದ್ಧತಿಯೂ ಇತ್ತು. ಹದಿನಾಲ್ಕನೆಯ ಲೂಯಿ ದೊರೆಯ ಆಸ್ಥಾನದ ಸಂಗೀತ ರಚನಕಾರ ಲುಲ್ಲಿ ಹಾಗೆ ಕುಟ್ಟುವಾಗ ಕಾಲಿಗೆ ಪೆಟ್ಟು ಬಿದ್ದು, ಗಾಯ ಕೊಳೆತು, 1687ರಲ್ಲಿ ತೀರಿಕೊಂಡ. ಗಾಳಿಯಲ್ಲಿ ಆಡಿಸುವ ಸಪೂರ ಕೋಲು, ಬ್ಯಾಟನ್, ರೂಢಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ.

ಮೊದಲು ಬಲಗೈ

ಆದಿತಾಳವನ್ನು ನಾವು ಹಾಕುವುದು ಹೇಗೆ? ಒಂದು ಪೆಟ್ಟು, ಮೂರು ಬೆರಳೆಣಿಕೆ, ಮತ್ತೆ ಪೆಟ್ಟು, ಬೀಸು, ಪೆಟ್ಟು, ಬೀಸು. ಕೈ ಎಲ್ಲಿದೆ ಎಂದು ನೋಡಿದರೆ ಎಷ್ಟನೆಯ ಅಕ್ಷರದಲ್ಲಿದ್ದೇವೆ ಎಂದು ಗೊತ್ತಾಗುತ್ತದೆ. ಬ್ಯಾಟನ್ ಮಾಡುವುದೂ ಅದನ್ನೇ, ಸದ್ದಿಲ್ಲದೆ. ನಾಲ್ಕು ಎಣಿಕೆಯ ಆವರ್ತಕ್ಕೆ ಕೆಳಗೆ, ಎಡಕ್ಕೆ, ಬಲಕ್ಕೆ, ಮೇಲಕ್ಕೆ. ಮೂರಕ್ಕೆ ಕೆಳಗೆ, ಬಲಕ್ಕೆ, ಮೇಲಕ್ಕೆ. ಮೊದಲ ಎಣಿಕೆ ಯಾವಾಗಲೂ ಕೆಳಗೇ ಬೀಳುತ್ತದೆ, ಕಳೆದುಹೋದವರು ಅಲ್ಲಿಂದ ಮತ್ತೆ ಸೇರಿಕೊಳ್ಳಬಹುದು.

ಶುರುವಾಗುವ ಮುನ್ನ ಒಂದು ಖಾಲಿ ಏರಿಕೆ ಇರುತ್ತದೆ. ಹಾಡುವವರು ಉಸಿರೆಳೆದುಕೊಳ್ಳುವ ಹಾಗೆ. ಕಾಲ ಎಷ್ಟು ವೇಗ, ದನಿ ಎಷ್ಟು ದೊಡ್ಡದು, ಎಲ್ಲವನ್ನೂ ಆ ಒಂದು ಏರಿಕೆಯಲ್ಲೇ ಹೇಳಬೇಕು. ಊದುವವರು ನಿಜಕ್ಕೂ ಅದರ ಜೊತೆಗೇ ಉಸಿರೆಳೆದುಕೊಳ್ಳುತ್ತಾರೆ.

ಬಲಗೈ ಬರೀ ಗಡಿಯಾರ ಎಂದುಕೊಳ್ಳಬೇಡಿ. ಬೀಸು ದೊಡ್ಡದಾದರೆ ದನಿ ದೊಡ್ಡದು, ಚಿಕ್ಕದಾದರೆ ಮೆಲ್ಲಗೆ. ಚೂಪಾಗಿ ತಿರುಗಿದರೆ ಬಿಡಿಬಿಡಿ ಸ್ವರ, ನೀರಿನಲ್ಲಿ ಕೈಯಾಡಿಸಿದಂತಿದ್ದರೆ ಎಳೆದು ನುಡಿಸುವ ಸ್ವರ. ಇಷ್ಟೆಲ್ಲ ಒಂದೇ ಕೈ ಮಾಡುವಾಗ ಇನ್ನೊಂದು ಯಾಕೆ ಎಂಬ ಅನುಮಾನ ಸಹಜ. ಸಂಗೀತ ರಚನಕಾರ, ತಾನೂ ದೊಡ್ಡ ಕಂಡಕ್ಟರ್ ಆಗಿದ್ದ ರಿಚರ್ಡ್ ಸ್ಟ್ರಾಸ್ ಅಂತೂ ಎಡಗೈಗೆ ಕೋಟಿನೊಳಗಿನ ವೇಸ್ಟ್‌ಕೋಟ್ ಜೇಬೇ ಸರಿಯಾದ ಜಾಗ ಎನ್ನುತ್ತಿದ್ದ.

ಕನ್ನಡಿಯಾಗಬಾರದು

ಹೊಸಬರ ಕೈ ನೋಡಿದರೆ ಸ್ಟ್ರಾಸ್ ಹೇಳಿದ್ದು ಅರ್ಥವಾಗುತ್ತದೆ. ಬಲಗೈ ಬಲಕ್ಕೆ ಹೋದರೆ ಅವರ ಎಡಗೈ ಎಡಕ್ಕೆ ಹೋಗುತ್ತದೆ. ಅದು ಏರಿದರೆ ಇದೂ ಏರುತ್ತದೆ. ಎರಡು ಕೈಯೂ ಒಂದನ್ನೇ ಹೇಳುವುದರಿಂದ ಎಡಗೈಗೆ ಸ್ವಂತ ಮಾತೇ ಉಳಿಯುವುದಿಲ್ಲ. ಆಮೇಲೆ ಅದು ನಿಜವಾಗಿ ಏನಾದರೂ ಹೇಳಹೊರಟಾಗ ನುಡಿಸುವವರು ಗಮನಿಸುವುದಿಲ್ಲ, ಮನೆಯ ಫ್ಯಾನ್ ಸದ್ದನ್ನು ನಾವು ಗಮನಿಸದ ಹಾಗೆ.

ದೋಸೆ ಹೊಯ್ಯುವುದನ್ನು ನೆನೆಯಿರಿ. ಬಲಗೈಯ ಸೌಟು ಸುತ್ತುತ್ತಲೇ ಇರುತ್ತದೆ. ಎಡಗೈ ಗ್ಯಾಸ್ ಒಲೆಯ ತಿರುಪಿನ ಹತ್ತಿರ ಕಾದಿರುತ್ತದೆ; ಕಾವಲಿ ಕಾದದ್ದು ಹೆಚ್ಚಾಯಿತು ಎನಿಸಿದಾಗ ಒಮ್ಮೆ ತಿರುಗಿಸಿ ಮತ್ತೆ ಸುಮ್ಮನಾಗುತ್ತದೆ. ಸೌಟಿನ ಜೊತೆ ತಿರುಪನ್ನೂ ತಿರುಗಿಸುತ್ತಲೇ ಇದ್ದರೆ ದೋಸೆಯ ಗತಿ ಏನು? ಆದ್ದರಿಂದ ಕಲಿಯುವವರಿಗೆ ಬೇಕಿಲ್ಲದಾಗ ಎಡಗೈಯನ್ನು ಹೊಟ್ಟೆಯ ಮುಂದೆ, ಮೈಗೆ ಹತ್ತಿರ ತಂದು ಸುಮ್ಮನೆ ಇಟ್ಟುಕೊಳ್ಳುವುದನ್ನೂ ಹೇಳಿಕೊಡುತ್ತಾರೆ. ಜೋತುಬಿದ್ದರೆ ಸೋತಂತೆ ಕಾಣುತ್ತದೆ, ಗಾಳಿಯಲ್ಲೇ ನಿಂತರೆ ಏನೋ ಹೇಳಹೊರಟಂತೆ ಕಾಣುತ್ತದೆ.

ಎರಡು ಕೈ ಒಟ್ಟಿಗೆ ಬೀಸುವುದು ತಪ್ಪೇನೂ ಅಲ್ಲ. ಎಲ್ಲ ವಾದ್ಯಗಳೂ ಒಮ್ಮೆಲೇ ಮೊಳಗುವ ಜಾಗದಲ್ಲಿ, ಅಥವಾ ತಾಳ ತಪ್ಪಿ ತಂಡ ಚದುರುತ್ತಿದೆ ಎನಿಸಿದಾಗ, ಅನುಭವಿಗಳೂ ಹಾಗೆ ಮಾಡುತ್ತಾರೆ. ಅಪರೂಪಕ್ಕೆ ಬಂದಾಗಲೇ ಅದಕ್ಕೆ ಬೆಲೆ.

ಏರಿಸು, ಇಳಿಸು

ಎಡಗೈಯ ಸನ್ನೆಗಳಲ್ಲಿ ಯಾರಿಗೂ ತಟ್ಟನೆ ತಿಳಿಯುವುದು ದನಿಯದ್ದು. ಅಂಗೈ ಆಕಾಶ ನೋಡುತ್ತ ನಿಧಾನವಾಗಿ ಮೇಲೆದ್ದರೆ ದನಿ ಬೆಳೆಯಲಿ ಎಂದು. ಇಟಾಲಿಯನ್ ಭಾಷೆಯಿಂದ ಬಂದ ಹೆಸರು ಕ್ರೆಸೆಂಡೊ. ಅಂಗೈ ನೆಲ ನೋಡುತ್ತ ಇಳಿದರೆ ತಗ್ಗಲಿ ಎಂದು, ಡಿಮಿನ್ಯುಯೆಂಡೊ. ನೇರ ಒಂದು ಗುಂಪಿನ ಕಡೆ ಅಂಗೈ ತೋರಿಸಿದರೆ 'ನೀವು ಮಾತ್ರ ಸ್ವಲ್ಪ ತಗ್ಗಿ' ಎಂದು. ಎಡಗೈ ಇಲ್ಲದೆ ಆಗದ ಕೆಲಸ ಈ ಕೊನೆಯದ್ದು. ಬ್ಯಾಟನ್ ಹೇಳುವುದು ಎಲ್ಲರಿಗೂ ಒಟ್ಟಾಗಿ. ಕ್ಲಾರಿನೆಟ್‌ನವರ ಒಂಟಿ ಹಾಡು ಚೆಲ್ಲೊಗಳ ಕೆಳಗೆ ಮುಚ್ಚಿಹೋಗುತ್ತಿದ್ದರೆ ಬೀಸನ್ನು ಚಿಕ್ಕದು ಮಾಡಿ ಪ್ರಯೋಜನವಿಲ್ಲ, ಕ್ಲಾರಿನೆಟ್ ಕೂಡ ತಗ್ಗಿಬಿಡುತ್ತದೆ. ಚೆಲ್ಲೊಗಳನ್ನು ಮಾತ್ರ ತಡೆಯಬೇಕು, ತಾಳ ನಿಲ್ಲಬಾರದು.

ನಾವು ಹೋದ ದಿನ ಎರಡನೆಯ ಭಾಗದಲ್ಲಿ ರವೇಲ್ ಬರೆದ ಬೊಲೆರೊ ಇತ್ತು. 1928ರ ಈ ಕೃತಿ ಎಡಗೈಯನ್ನು ನೋಡಲು ಹೇಳಿ ಮಾಡಿಸಿದ್ದು. ಸುಮಾರು ಹದಿನೈದು ನಿಮಿಷ ಒಂದೇ ಕಾಲ, ಮೂರು ಎಣಿಕೆಯ ಆವರ್ತ, ಸ್ನೇರ್ ಡ್ರಮ್ಮಿನಲ್ಲಿ ಒಂದೇ ನಡೆ. ಎರಡು ಧಾಟಿಗಳು ವಾದ್ಯದಿಂದ ವಾದ್ಯಕ್ಕೆ ದಾಟುತ್ತ ಹೋಗುತ್ತವೆ. ಕೇಳಿಸಿಯೂ ಕೇಳಿಸದಂತೆ ಶುರುವಾದದ್ದು ಕೊನೆಗೆ ಸಭಾಂಗಣವನ್ನೇ ನಡುಗಿಸುತ್ತದೆ. ಬಲಗೈಗೆ ಇಲ್ಲಿ ಹೊಸದೇನೂ ಇಲ್ಲ. ಆದರೆ ತೊಂಬತ್ತು ಜನರಿಗೂ ಒಳಗೊಳಗೇ ಜೋರಾಗುವ ಆಸೆ. ಐದನೆಯ ನಿಮಿಷಕ್ಕೇ ಶಕ್ತಿಯನ್ನೆಲ್ಲ ಸುರಿದುಬಿಟ್ಟರೆ ಮುಂದಿನ ಹತ್ತು ನಿಮಿಷ ಏರಲು ಜಾಗವೇ ಇರುವುದಿಲ್ಲ. ಹಾಗಾಗಿ ಎಡಗೈ ಬಹಳ ಹೊತ್ತು ಮಾಡುವುದು ತಡೆಯುವ ಕೆಲಸ, ಅಂಗೈ ಕೆಳಮುಖ. "ಹಾಲು ಉಕ್ಕದ ಹಾಗೆ ನೋಡಿಕೊಳ್ತಿದ್ದಾನೆ" ಎಂದು ದೊಡ್ಡಮ್ಮ ಕಿವಿಯಲ್ಲಿ ಉಸುರಿದರು. ಮುಂದಿನ ಸಾಲಿನವರು ತಿರುಗಿ ನೋಡಿದರು.

ಇನ್ನೊಂದು ಸನ್ನೆ ಅವರಿಗೆ ನನಗಿಂತ ಮೊದಲೇ ತಿಳಿಯಿತು. ಕಂಡಕ್ಟರ್ ಎಡಗೈಯನ್ನು ಎದೆಯ ಹತ್ತಿರ ತಂದು ಬೆರಳುಗಳನ್ನು ಸಣ್ಣಗೆ ನಡುಗಿಸುತ್ತಾರೆ. ವಯಲಿನ್‌ನವರ ಎಡಗೈ ತಂತಿಯ ಮೇಲೆ ಮಾಡುವುದು ಅದನ್ನೇ. ಹಾಗೆ ನಡುಗಿಸಿದಾಗ ಸ್ವರಕ್ಕೆ ಬರುವ ತೆಳು ಅಲೆಗೆ ವೈಬ್ರಾಟೊ ಎನ್ನುತ್ತಾರೆ. ಸನ್ನೆಯ ಅರ್ಥ: ಸ್ವರ ಸರಿಯಿದೆ, ಇನ್ನೂ ಬೆಚ್ಚಗಾಗಲಿ. ವೀಣೆಯಲ್ಲೂ ಬಲಗೈ ಮೀಟುತ್ತದೆ, ತಂತಿ ಎಳೆದು ಗಮಕ ಹುಟ್ಟಿಸುವುದು ಎಡಗೈ. ವೈಬ್ರಾಟೊ ಗಮಕವಲ್ಲ, ಗಮಕದ ಹರಹು ಬಹಳ ದೊಡ್ಡದು. ಆದರೂ ಎರಡು ಕೈಗಳ ನಡುವಿನ ಕೆಲಸದ ಹಂಚಿಕೆ ವೀಣೆ ಹಿಡಿದವರಿಗೆ ಹೊಸದಲ್ಲ.

ಬನ್ನಿ ಎನ್ನುವ ಕೈ

ತುತ್ತೂರಿಯವರ ಕಾಗದದಲ್ಲಿ ಕೆಲವೊಮ್ಮೆ ಐವತ್ತು ಅರವತ್ತು ಆವರ್ತ ಬರೀ ಮೌನ ಇರುತ್ತದೆ. ಮನಸ್ಸಿನಲ್ಲೇ ಎಣಿಸುತ್ತ ಕೂರಬೇಕು. ನಡುವೆ ಒಂದು ಕೆಮ್ಮು ಬಂದರೂ ಇದು ನಲವತ್ತೆರಡೋ ನಲವತ್ತಮೂರೋ ಎಂಬ ಸಂಶಯ. ಆ ಹೊತ್ತಿಗೆ ಎಡಗೈ ಅವರ ಕಡೆ ಚಾಚಿಕೊಂಡರೆ ದೊಡ್ಡ ಸಮಾಧಾನ. ಇದಕ್ಕೆ ಕ್ಯೂ ಎನ್ನುತ್ತಾರೆ, ಅಂದರೆ ಪ್ರವೇಶದ ಸೂಚನೆ.

ಯಕ್ಷಗಾನ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೇಷಧಾರಿ ರಂಗಕ್ಕೆ ಬರುವುದು, ಕುಣಿತ ನಿಲ್ಲಿಸಿ ಮಾತಿಗೆ ಇಳಿಯುವುದು, ಚೆಂಡೆ ಏರುವುದು, ಎಲ್ಲ ಭಾಗವತರ ಹಿಡಿತದಲ್ಲಿ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ತಾಳವೋ ಜಾಗಟೆಯೋ ಹಿಡಿದು ಭಾಗವತರ ಎರಡು ಕೈಯೂ ತುಂಬಿರುತ್ತದೆ, ಆದರೆ ಅವರಿಗೆ ಕಂಠವಿದೆ. ಒಂದು ಪದವನ್ನು ಎಳೆದೋ ಕತ್ತರಿಸಿಯೋ ಹಾಡಿದರೆ ಹಿಮ್ಮೇಳ, ಮುಮ್ಮೇಳ ಎರಡಕ್ಕೂ ಸೂಚನೆ ಮುಟ್ಟುತ್ತದೆ. ಕಂಡಕ್ಟರ್ ಬಾಯಿ ಬಿಡುವಂತಿಲ್ಲ. ಭಾಗವತರ ಕಂಠ ಮಾಡುವ ಕೆಲಸ ಇಲ್ಲಿ ಎಡಗೈಯ ಪಾಲಿಗೆ ಬಂದಿದೆ ಎಂದುಕೊಂಡೇ ನಾನು ಕಛೇರಿ ನೋಡುವುದು.

ಒಳ್ಳೆಯ ಕ್ಯೂಗೆ ಮೂರು ಮೆಟ್ಟಿಲು. ಒಂದೆರಡು ಎಣಿಕೆ ಮೊದಲೇ ಕಣ್ಣು ಅತ್ತ ತಿರುಗಬೇಕು. ಆಮೇಲೆ ಕೈ ಸಣ್ಣಗೆ ಏರಬೇಕು, ಅದು ಉಸಿರಿಗೆ. ಸರಿಯಾದ ಎಣಿಕೆಯಲ್ಲಿ ಕೈ ಇಳಿಯಬೇಕು. ಕಣ್ಣಿಲ್ಲದೆ ಕೈ ಮಾತ್ರ ಬಂದರೆ ಗಾಬರಿಯಾಗುತ್ತದೆ, ಹಿಂದಿನಿಂದ ಯಾರೋ ಹೆಗಲು ತಟ್ಟಿದ ಹಾಗೆ. ಕೈಯ ರೂಪವೂ ಮುಖ್ಯ. ಮೆಲ್ಲಗೆ ಒಳಗೆ ಬರಬೇಕಾದ ಕೊಳಲಿಗೆ ತೋರುಬೆರಳು ಚುಚ್ಚಿದರೆ ಸ್ವರ ಒಡೆದೀತು. ತೆರೆದ ಅಂಗೈ ಸಾಕು, 'ಬನ್ನಿ, ಕೂತುಕೊಳ್ಳಿ' ಎನ್ನುವಾಗ ಚಾಚುತ್ತೇವಲ್ಲ, ಹಾಗೆ. ಝಲ್ಲರಿ ಅಪ್ಪಳಿಸಲು ಮುಷ್ಟಿಯೇ ಸರಿ.

ಮೊದಲ ವಯಲಿನ್‌ಗಳು ಸಾಮಾನ್ಯವಾಗಿ ಕಂಡಕ್ಟರ್ ಎಡಕ್ಕೆ ಕೂರುತ್ತಾರೆ, ಎಡಗೈಗೆ ಹತ್ತಿರ. ಬಲಕ್ಕಿರುವ ಚೆಲ್ಲೊಗಳನ್ನು ಕರೆಯಲು ಎಡಗೈಯನ್ನು ಮೈಗೆ ಅಡ್ಡ ಹಾಯಿಸಿದರೆ ಅದು ಬ್ಯಾಟನ್‌ಗೇ ಮರೆಯಾಗುತ್ತದೆ. ಆ ಕಡೆಯವರಿಗೆ ಕಣ್ಣಿನಿಂದಲೋ, ಬ್ಯಾಟನ್ನನ್ನೇ ಕೊಂಚ ಅತ್ತ ತಿರುಗಿಸಿಯೋ ಹೇಳುತ್ತಾರೆ. ಎಲ್ಲರಿಗೂ ಪ್ರತಿ ಸಲ ಕ್ಯೂ ಕೊಡಲು ಸಾಧ್ಯವೂ ಇಲ್ಲ, ಕೊಡಬೇಕಾಗಿಯೂ ಇಲ್ಲ. ಬಹಳ ಹೊತ್ತು ಸುಮ್ಮನಿದ್ದವರಿಗೆ, ಇಡೀ ಗುಂಪಿಗೆ, ಕಷ್ಟದ ಜಾಗಕ್ಕೆ ಕೊಟ್ಟರೆ ಆಯಿತು. ನಾಜೂಕಾದ ಒಂಟಿ ನುಡಿಕೆಯ ಹೊತ್ತಿಗೆ ದುರುಗುಟ್ಟಿ ನೋಡದಿರುವುದೂ ಒಂದು ಉಪಕಾರವೇ.

ನಿಲ್ಲಿಸುವುದು

ಎಲ್ಲರೂ ಒಟ್ಟಿಗೆ ಶುರು ಮಾಡುವುದಕ್ಕಿಂತ ಒಟ್ಟಿಗೆ ನಿಲ್ಲಿಸುವುದು ಕಷ್ಟ. ಸ್ವರಲಿಪಿಯಲ್ಲಿ ಕಮಾನಿನ ಕೆಳಗೊಂದು ಚುಕ್ಕೆ ಇಟ್ಟ ಗುರುತಿದೆ, ಫರ್ಮಾಟಾ. ಅಲ್ಲಿ ತಾಳ ನಿಲ್ಲುತ್ತದೆ, ಸ್ವರ ಮಾತ್ರ ಉಳಿಯುತ್ತದೆ, ಎಷ್ಟು ಹೊತ್ತು ಎನ್ನುವುದು ಕಂಡಕ್ಟರ್ ಇಷ್ಟ. ಬೇತೊವೆನ್ ಐದನೆಯ ಸಿಂಫನಿಯ ಆರಂಭ ಬಹುತೇಕ ಎಲ್ಲರ ಕಿವಿಗೂ ಬಿದ್ದಿದೆ: ಮೂರು ಚಿಕ್ಕ ಸ್ವರ, ಒಂದು ಉದ್ದ ಸ್ವರ. ಆ ಉದ್ದ ಸ್ವರದ ಮೇಲಿರುವುದೇ ಈ ಗುರುತು. ಎಡಗೈ ಅಂಗೈ ಮೇಲಾಗಿ, ತುಂಬಿದ ಬಟ್ಟಲು ಹಿಡಿದ ಹಾಗೆ ಅಲುಗದೆ ನಿಂತಿದ್ದರೆ ಸ್ವರ ಇನ್ನೂ ಮುಂದುವರಿಯಬೇಕು. ಸಣ್ಣ ಸುತ್ತು ಹಾಕಿ ಬೆರಳು ಒಟ್ಟು ಸೇರಿದರೆ, ತುಳಸಿ ಕುಡಿ ಚಿವುಟಿದಂತೆ, ಅಲ್ಲಿಗೆ ಸ್ವರ ಮುಗಿಯಿತು. ಮುಗಿಸುವ ಬಗೆಯಲ್ಲೂ ತರತಮ ಇದೆ. ಥಟ್ಟನೆ ಮುಷ್ಟಿ ಕಟ್ಟಿದರೆ ಬಾಗಿಲು ಮುಚ್ಚಿದಂತೆ ಕೊನೆ, ಬೆರಳು ಮೆಲ್ಲಗೆ ಕೂಡಿದರೆ ಕರಗಿಹೋದಂತೆ.

ಒಂದು ಗುಂಪು ನಿಲ್ಲಬೇಕು, ಉಳಿದವರು ಮುಂದುವರಿಯಬೇಕು ಎನ್ನುವಾಗ ಈ ಚಿವುಟುವ ಕೆಲಸ ಎಡಗೈಯದ್ದೇ. ಬಲಗೈ ನಿಂತರೆ ಎಲ್ಲರೂ ನಿಲ್ಲುತ್ತಾರೆ.

ಪುಟ ತಿರುಗಿಸುವುದೂ ಎಡಗೈಯೇ. ಇದನ್ನು ಯಾರೂ ಕಲೆ ಎನ್ನುವುದಿಲ್ಲ, ಆದರೆ ಎರಡು ಪುಟ ಒಟ್ಟಿಗೆ ತಿರುಗಿದರೆ ಗೊತ್ತಾಗುತ್ತದೆ.

ಎರಡು ಕೈ, ಎರಡು ದಾರಿ

ಮನೆಯಲ್ಲೇ ಮಾಡಿ ನೋಡಿ. ಬಲಗೈಯಲ್ಲಿ ನಾಲ್ಕು ಎಣಿಕೆ ಹಾಕಿ: ಕೆಳಗೆ, ಎಡ, ಬಲ, ಮೇಲೆ. ಅದು ತಾನಾಗಿ ನಡೆಯಲು ಶುರುವಾದ ಮೇಲೆ ಎಡಗೈಯನ್ನು ಸೊಂಟದ ಮಟ್ಟದಿಂದ ಕಣ್ಣಿನ ಮಟ್ಟಕ್ಕೆ ಎಂಟು ಎಣಿಕೆಯಲ್ಲಿ ಏರಿಸಿ, ಮುಂದಿನ ಎಂಟರಲ್ಲಿ ಇಳಿಸಿ, ಎಲ್ಲೂ ತಡವರಿಸದೆ. ಮೊದಲ ಸಲ ಎರಡರಲ್ಲೊಂದು ಕೆಡುತ್ತದೆ. ಎಡಗೈ ಪ್ರತಿ ಎಣಿಕೆಗೂ ಕುಕ್ಕುತ್ತದೆ, ಇಲ್ಲವೇ ಬಲಗೈ ಮೇಣದಂತೆ ಜಾರುತ್ತದೆ. ಎರಡು ಕೈ ಜೊತೆಯಾಗಿ ಚಲಿಸುವುದು ಮೈಗೆ ಸಹಜ. ಬೇರೆ ದಾರಿ ಹಿಡಿಯುವುದನ್ನು ಕಲಿಸಬೇಕು. ಮೃದಂಗ, ತಬಲಾ ಕಲಿತವರಿಗೆ ಇದು ಬೇಗ ಒಗ್ಗೀತು ಎಂದು ನನಗನಿಸುತ್ತದೆ. ತಬಲಾದಲ್ಲಿ ಬಲಗೈ ಬೋಲು ನುಡಿಯುತ್ತಿರುವಾಗ ಎಡಗೈಯ ಮಣಿಕಟ್ಟು ಡಗ್ಗಾವನ್ನು ಒತ್ತಿ ದನಿಯನ್ನು ಜಾರಿಸುತ್ತಿರುತ್ತದೆ.

ಉಳಿದದ್ದನ್ನು ಕಲಿಯುವುದು ನೋಡಿಯೇ. ಮುಂಬಯಿಯಲ್ಲಿ 1936ರಲ್ಲಿ ಹುಟ್ಟಿದ ಕಂಡಕ್ಟರ್ ಜುಬಿನ್ ಮೆಹ್ತಾ ಹದಿನೆಂಟರ ವಯಸ್ಸಿಗೆ ವಿಯೆನ್ನಾಕ್ಕೆ ಹೋದರು. ಅಲ್ಲಿ ಸಹಪಾಠಿ ಕ್ಲಾಡಿಯೊ ಅಬ್ಬಾಡೊ ಜೊತೆ ಗಾಯನವೃಂದಕ್ಕೆ ಸೇರಿಕೊಂಡದ್ದು ದೊಡ್ಡ ಕಂಡಕ್ಟರ್‌ಗಳ ಅಭ್ಯಾಸವನ್ನು ಎದುರಿನಿಂದ ನೋಡಲಿಕ್ಕೆ. ಸಭಿಕರಿಗೆ ಬೆನ್ನು ಕಾಣುತ್ತದೆ, ಹಾಡುವವರಿಗೆ ಮುಖ, ಎರಡು ಕೈ.

ಎಡಚರಾದರೆ?

ಎಡಚ ಕಂಡಕ್ಟರ್‌ಗಳೂ ಬಹುಮಟ್ಟಿಗೆ ಬ್ಯಾಟನ್ ಹಿಡಿಯುವುದು ಬಲಗೈಯಲ್ಲೇ. ಕೆಳಗೆ, ಎಡ, ಬಲ, ಮೇಲೆ ಎಂಬ ನಕ್ಷೆಗೆ ನುಡಿಸುವವರ ಕಣ್ಣು ಪಳಗಿರುತ್ತದೆ, ಅದು ಕನ್ನಡಿಯಲ್ಲಿ ಕಂಡಂತೆ ತಿರುಗಿದರೆ ತಬ್ಬಿಬ್ಬಾಗುತ್ತದೆ ಎನ್ನುವುದು ಕಾರಣ. ಆದರೂ ಫಿನ್ಲೆಂಡಿನ ಪಾವೊ ಬರ್ಗ್ಲುಂಡ್, ಸ್ಕಾಟ್ಲೆಂಡಿನ ಡೊನಾಲ್ಡ್ ರನ್ನಿಕಲ್ಸ್ ಎಡಗೈಯಲ್ಲೇ ಬ್ಯಾಟನ್ ಹಿಡಿದು ಹೆಸರಾದವರು. ಅವರ ಮಟ್ಟಿಗೆ ಈ ಲೇಖನದ ಎಡ ಬಲಗಳನ್ನು ಅದಲು ಬದಲು ಮಾಡಿ ಓದಿಕೊಳ್ಳಬೇಕು. ಪಿಯರ್ ಬುಲೇಜ್ ಅಂಥವರು ಬ್ಯಾಟನ್ನನ್ನೇ ಬಿಟ್ಟರು. ಲಿಯೊನಾರ್ಡ್ ಬರ್ನ್‌ಸ್ಟೈನ್ ಒಮ್ಮೆ ವಿಯೆನ್ನಾದ ತಂಡದ ಮುಂದೆ ಹೈಡನ್ ಸಿಂಫನಿಯ ಕೊನೆಯ ಭಾಗವನ್ನು ಎರಡು ಕೈಯನ್ನೂ ಬೀಸದೆ, ಹುಬ್ಬು, ಕಣ್ಣು, ತುಟಿಗಳಿಂದಲೇ ನಡೆಸಿದರು. ಅದರ ವಿಡಿಯೊ ಸಿಗುತ್ತದೆ. ಅಂಥ ತಂಡವಿಲ್ಲದೆ ಅದು ನಡೆಯುವ ಮಾತಲ್ಲ.

ಮನೆಯಲ್ಲಿ ನೋಡುವುದಾದರೆ

ಸಭಾಂಗಣದಲ್ಲಿ ಎಷ್ಟೋ ಸನ್ನೆಗಳು ಮೈಯ ಮರೆಗೆ ಹೋಗುತ್ತವೆ. ತಂಡದ ಕಡೆಯಿಂದ ಕಂಡಕ್ಟರ್ ಮುಖ ತೋರಿಸುವ ವಿಡಿಯೊ ಹಾಕಿಕೊಳ್ಳಿ. ಅವರ ಎಡಗೈ ನಿಮ್ಮ ಪರದೆಯ ಬಲಭಾಗದಲ್ಲಿರುತ್ತದೆ. ಎಡಭಾಗವನ್ನು ಯಾವುದಾದರೂ ಪುಸ್ತಕದಿಂದ ಮುಚ್ಚಿ, ಬ್ಯಾಟನ್ ಕಾಣದಂತೆ. ಒಂದು ಸಲ ಸದ್ದು ಹಾಕಿ ನೋಡಿ, ಇನ್ನೊಂದು ಸಲ ಸದ್ದು ತೆಗೆದು. ಎರಡನೆಯ ಸಲ ಯಾವಾಗ ಹಿತ್ತಾಳೆ ವಾದ್ಯ ಬಂತು, ಯಾವಾಗ ವಯಲಿನ್ ತಗ್ಗಿತು ಎಂದು ಊಹಿಸಬಹುದು. ದೊಡ್ಡಮ್ಮ ಪುಸ್ತಕ ಹುಡುಕುವ ಗೋಜಿಗೆ ಹೋಗುವುದಿಲ್ಲ. ಫೋನನ್ನು ಬಲಗೈಯಲ್ಲಿ ಹಿಡಿದು, ಎಡ ಅಂಗೈಯನ್ನು ಅರ್ಧ ಪರದೆಯ ಮೇಲಿಟ್ಟು ನೋಡುತ್ತಾರೆ.